ಹೂವಿನ ಗಣಿತ, ಚಿತ್ರದ ಚೌಕಟ್ಟು

ಗಣಿತವೆಂದರೆ ಕರಿಹಲಗೆಯ ಮೇಲಿನ ವಿಷಯ, ಸೌಂದರ್ಯವೆಂದರೆ ಕವಿಗಳಿಗೂ ಚಿತ್ರಕಾರರಿಗೂ ಸೇರಿದ ವಿಷಯ ಎಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಉಂಟು. ಒಂದರಲ್ಲಿ ಲೆಕ್ಕ, ಇನ್ನೊಂದರಲ್ಲಿ ಆನಂದ; ಇವೆರಡಕ್ಕೂ ಏನು ನಂಟು ಎಂದು ಕೇಳುವವರೂ ಇದ್ದಾರೆ. ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಬಯಲುಸೀಮೆಯ ಹೊಲಗಳಲ್ಲಿ ಬೆಳೆಯುವ ಸೂರ್ಯಕಾಂತಿಯ ಒಂದು ತೆನೆಯನ್ನು ಕೈಗೆತ್ತಿಕೊಂಡು ಸಮೀಪದಿಂದ ನೋಡಿದರೆ ಸಾಕು.

ನಾವು ಒಂದು ಹೂವೆಂದು ಕರೆಯುವ ಸೂರ್ಯಕಾಂತಿಯು ನಿಜವಾಗಿ ನೂರಾರು ಕಿರುಹೂಗಳ ಗೊಂಚಲು. ಅಂಚಿನ ಹಳದಿ ಎಸಳುಗಳ ಒಳಗೆ, ತಟ್ಟೆಯಂತೆ ಅಗಲವಾದ ಭಾಗದಲ್ಲಿ ಈ ಕಿರುಹೂಗಳು ಒತ್ತೊತ್ತಾಗಿ ಸೇರಿಕೊಂಡಿರುತ್ತವೆ. ಮುಂದೆ ಅವುಗಳಿಂದಲೇ ಬೀಜಗಳು ಕಟ್ಟುತ್ತವೆ. ಬಲಿತ ತೆನೆಯಲ್ಲಿ ಬೀಜಗಳ ಸಾಲುಗಳು ನಡುವಿನಿಂದ ಹೊರಟು, ಬಾಗುತ್ತ ಬಾಗುತ್ತ ಅಂಚನ್ನು ಮುಟ್ಟುವ ಸುರುಳಿಗಳಾಗಿ ಕಾಣುತ್ತವೆ. ಕೆಲವು ಸುರುಳಿಗಳು ಬಲಕ್ಕೆ ಬಾಗಿದರೆ ಕೆಲವು ಎಡಕ್ಕೆ ಬಾಗುತ್ತವೆ. ಒಂದೊಂದು ಸುರುಳಿಯ ತುದಿಗೂ ಒಂದೊಂದು ಗುಂಡುಸೂಜಿಯನ್ನು ಚುಚ್ಚುತ್ತ ಎಣಿಸಿ ನೋಡಿ. ಒಂದು ಕಡೆಗೆ 34 ಸುರುಳಿಗಳು, ಇನ್ನೊಂದು ಕಡೆಗೆ 55 ಸುರುಳಿಗಳು ದೊರೆಯುವುದು ಸಾಮಾನ್ಯ. ತೆನೆ ದೊಡ್ಡದಾಗಿದ್ದರೆ ಆ ಸಂಖ್ಯೆಗಳು 55 ಮತ್ತು 89 ಆಗಿರಬಹುದು. ಅನಾನಸ್ ಹಣ್ಣಿನ ಮೈಮೇಲಿನ ಕಣ್ಣುಗಳ ಓರೆಸಾಲುಗಳನ್ನು ಎಣಿಸಿದರೆ ಸಾಮಾನ್ಯವಾಗಿ 8 ಮತ್ತು 13 ಸಿಗುತ್ತವೆ.

ಈ ಸಂಖ್ಯೆಗಳು ಮನಬಂದಂತೆ ಬಂದವಲ್ಲ. 1, 2, 3, 5, 8, 13, 21, 34, 55, 89 ಎಂಬ ಸರಣಿಯಲ್ಲಿ ಅವೆಲ್ಲವೂ ಇವೆ. ಮೊದಲ ಎರಡನ್ನು ಬಿಟ್ಟರೆ, ಈ ಸರಣಿಯ ಪ್ರತಿಯೊಂದು ಸಂಖ್ಯೆಯೂ ತನ್ನ ಹಿಂದಿನ ಎರಡು ಸಂಖ್ಯೆಗಳ ಮೊತ್ತ. ಇಟಲಿಯ ಪೀಸಾ ನಗರದ ಲಿಯೊನಾರ್ಡೊ ಎಂಬ ಗಣಿತಜ್ಞನು 1202ರಲ್ಲಿ ರಚಿಸಿದ ಗ್ರಂಥದಲ್ಲಿ ಮೊಲಗಳ ಸಂತಾನವನ್ನು ಲೆಕ್ಕ ಹಾಕುವಾಗ ಈ ಸರಣಿಯನ್ನು ಬಳಸಿದನು. ಆತನಿಗೆ ಫಿಬೊನಾಚಿ ಎಂಬ ಹೆಸರು ಬಂದುದರಿಂದ ಸರಣಿಗೂ ಅದೇ ಹೆಸರು ನಿಂತಿತು. ಆದರೆ ಅದಕ್ಕೂ ಮೊದಲೇ ನಮ್ಮ ದೇಶದ ಛಂದಶ್ಶಾಸ್ತ್ರಜ್ಞರು ಇದನ್ನು ಅರಿತಿದ್ದರು. ಗುಜರಾತಿನ ಜೈನ ವಿದ್ವಾಂಸನಾದ ಹೇಮಚಂದ್ರನು 1150ರ ಸುಮಾರಿಗೆ ಇದನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಅವನಿಗಿಂತ ಹಿಂದಿನ ವಿರಹಾಂಕನೂ ಇದನ್ನು ಬಲ್ಲವನಾಗಿದ್ದನು.

ಕವಿತೆಗೂ ಈ ಸಂಖ್ಯೆಗಳಿಗೂ ಇರುವ ಸಂಬಂಧವನ್ನು ನೀವು ನಿಮ್ಮ ಛಂದಸ್ಸಿನ ಪಾಠದಿಂದಲೇ ತಿಳಿಯಬಹುದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ. ಮೂರು ಮಾತ್ರೆಯ ಗಣವನ್ನು ಲಘು ಗುರುಗಳಿಂದ ಎಷ್ಟು ಬಗೆಯಾಗಿ ರಚಿಸಬಹುದು? ಮೂರು ಬಗೆಯಾಗಿ. ನಾಲ್ಕು ಮಾತ್ರೆಯ ಗಣವನ್ನು ಐದು ಬಗೆಯಾಗಿ, ಐದು ಮಾತ್ರೆಯ ಗಣವನ್ನು ಎಂಟು ಬಗೆಯಾಗಿ ರಚಿಸಬಹುದು. ಇದರ ಕಾರಣವೂ ಸರಳವೇ. ಐದು ಮಾತ್ರೆಯ ಗಣದ ಕೊನೆಯ ಅಕ್ಷರ ಲಘುವಾಗಿದ್ದರೆ ಅದರ ಹಿಂದೆ ನಾಲ್ಕು ಮಾತ್ರೆಗಳು ಉಳಿಯುತ್ತವೆ. ಗುರುವಾಗಿದ್ದರೆ ಮೂರು ಉಳಿಯುತ್ತವೆ. ಆದುದರಿಂದ ಐದೂ ಮೂರೂ ಸೇರಿ ಎಂಟು. ಪದ್ಯದ ಲಯದಲ್ಲಿ ಕಂಡ ಸಂಖ್ಯೆಗಳೇ ಹೂವಿನ ತೆನೆಯಲ್ಲಿಯೂ ಕಾಣುತ್ತವೆ ಎಂಬುದು ಆಶ್ಚರ್ಯವಲ್ಲವೆ?

ಈ ಸರಣಿಯ ಒಂದು ಸಂಖ್ಯೆಯನ್ನು ಅದರ ಹಿಂದಿನ ಸಂಖ್ಯೆಯಿಂದ ಭಾಗಿಸುತ್ತ ಹೋಗೋಣ. 8ನ್ನು 5ರಿಂದ ಭಾಗಿಸಿದರೆ 1.6, 21ನ್ನು 13ರಿಂದ ಭಾಗಿಸಿದರೆ ಸುಮಾರು 1.615, 55ನ್ನು 34ರಿಂದ ಭಾಗಿಸಿದರೆ ಸುಮಾರು 1.618. ಮುಂದೆ ಹೋದಂತೆಲ್ಲ ಭಾಗಲಬ್ಧವು ಒಂದೇ ಬೆಲೆಯ ಸಮೀಪಕ್ಕೆ ಬರುತ್ತದೆ. ಗ್ರೀಕ್ ಗಣಿತಜ್ಞ ಯೂಕ್ಲಿಡನು ಕ್ರಿ.ಪೂ. 300ರ ಸುಮಾರಿಗೆ ವಿವರಿಸಿದ ಅನುಪಾತವಿದು. ಒಂದು ಕೋಲನ್ನು ಎರಡು ಅಸಮ ತುಂಡುಗಳಾಗಿ ಮಾಡಿದಾಗ, ಇಡೀ ಕೋಲಿಗೂ ದೊಡ್ಡ ತುಂಡಿಗೂ ಇರುವ ಅನುಪಾತವೇ ದೊಡ್ಡ ತುಂಡಿಗೂ ಸಣ್ಣ ತುಂಡಿಗೂ ಇದ್ದರೆ, ಅದು ಈ ಬೆಲೆಯದಾಗಿರುತ್ತದೆ. ಹತ್ತು ಸೆಂಟಿಮೀಟರ್ ಕೋಲಿನಲ್ಲಿ ದೊಡ್ಡ ತುಂಡು ಸುಮಾರು 6.18 ಸೆಂಟಿಮೀಟರ್, ಸಣ್ಣ ತುಂಡು 3.82 ಸೆಂಟಿಮೀಟರ್. ಇದಕ್ಕೆ ಸುವರ್ಣಾನುಪಾತವೆಂದು ಹೆಸರು. ‘ಸುವರ್ಣ’ ಎಂಬ ವಿಶೇಷಣವು 19ನೆಯ ಶತಮಾನದಲ್ಲಿ ಜರ್ಮನಿಯಲ್ಲಿ ಬಳಕೆಗೆ ಬಂದಿತು. ಒಂದು ಪೂರ್ಣ ವೃತ್ತದ 360 ಡಿಗ್ರಿಗಳನ್ನು ಇದೇ ಅನುಪಾತದಲ್ಲಿ ಭಾಗ ಮಾಡಿದರೆ ಚಿಕ್ಕ ಭಾಗವು ಸುಮಾರು 137.5 ಡಿಗ್ರಿಯಾಗುತ್ತದೆ.

ಸೂರ್ಯಕಾಂತಿಯ ರಹಸ್ಯವಿರುವುದು ಈ ಕೋನದಲ್ಲಿ. ಗಿಡದ ಬೆಳೆಯುವ ತುದಿಯಲ್ಲಿ ಮೊಗ್ಗುಗಳು ಒಂದಾದಮೇಲೊಂದು ಮೂಡುತ್ತವೆ. ಪ್ರತಿಯೊಂದು ಹೊಸ ಮೊಗ್ಗು ಹಿಂದಿನ ಮೊಗ್ಗಿನಿಂದ ಅರ್ಧ ಸುತ್ತು ದೂರದಲ್ಲಿ ಮೂಡಿದರೆ ಎಲ್ಲವೂ ಎದುರುಬದುರಾಗಿ ಎರಡೇ ಸಾಲಿನಲ್ಲಿ ನಿಲ್ಲುತ್ತವೆ. ಕಾಲು ಸುತ್ತು ದೂರದಲ್ಲಿ ಮೂಡಿದರೆ ನಾಲ್ಕು ಸಾಲುಗಳಾಗುತ್ತವೆ. ಗಾಲಿಯ ಕಡ್ಡಿಗಳಂತಿರುವ ಈ ಸಾಲುಗಳ ನಡುವೆ ಬೇಕಾದಷ್ಟು ಜಾಗ ವ್ಯರ್ಥವಾಗುತ್ತದೆ. ಆದರೆ 137.5 ಡಿಗ್ರಿಯಷ್ಟು ತಿರುಗುತ್ತ ಹೋದರೆ ಯಾವ ಮೊಗ್ಗೂ ಮತ್ತೊಂದರ ನೇರಕ್ಕೆ ಬರುವುದಿಲ್ಲ. ನಡುವಿನಿಂದ ಅಂಚಿನವರೆಗೆ ಎಲ್ಲಿಯೂ ಬರಿದಾದ ಜಾಗ ಉಳಿಯುವುದಿಲ್ಲ.

ಹಾಗಾದರೆ ಗಿಡಕ್ಕೆ ಗಣಿತ ಗೊತ್ತಿದೆಯೆ? ಇಲ್ಲ. ಹೊಸ ಮೊಗ್ಗು ಇರುವುದರಲ್ಲಿ ಹೆಚ್ಚು ತೆರವಾದ ಜಾಗದಲ್ಲಿ ಮೂಡುತ್ತದೆ ಎಂದು ಜರ್ಮನಿಯ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಹಾಫ್‌ಮೈಸ್ಟರ್ 1868ರಲ್ಲಿಯೇ ಹೇಳಿದ್ದರು. 1992ರಲ್ಲಿ ಫ್ರಾನ್ಸಿನ ದುವಾಡಿ ಮತ್ತು ಕೂಡೆ ಎಂಬ ಇಬ್ಬರು ಭೌತವಿಜ್ಞಾನಿಗಳು ಎಣ್ಣೆ ತುಂಬಿದ ತಟ್ಟೆಯ ನಡುವೆ ಕಾಂತಗುಣವುಳ್ಳ ದ್ರವವನ್ನು ಹನಿಹನಿಯಾಗಿ ಬೀಳಿಸಿದರು. ಹನಿಗಳು ಒಂದನ್ನೊಂದು ದೂಡುತ್ತ, ತೆರವಾದ ಕಡೆಗೆ ಸರಿಯುತ್ತ ಹೋದವು. ಹನಿಗಳು ಬೀಳುವ ವೇಗವನ್ನು ತಕ್ಕಂತೆ ಹೊಂದಿಸಿದಾಗ ಅವುಗಳ ನಡುವಿನ ಕೋನವು ತಾನಾಗಿಯೇ 137.5 ಡಿಗ್ರಿಯ ಸಮೀಪಕ್ಕೆ ಬಂದು ನಿಂತಿತು! ಜೀವವಿಲ್ಲದ ಹನಿಗಳೂ ಗಿಡದಂತೆಯೇ ನಡೆದುಕೊಂಡವು. ಗಿಡದಲ್ಲಿ ಆಕ್ಸಿನ್ ಎಂಬ ಬೆಳವಣಿಗೆಯ ರಸವು ಈ ಕೆಲಸಕ್ಕೆ ನೆರವಾಗುತ್ತದೆ. ಮೂಡಿದ ಮೊಗ್ಗು ತನ್ನ ಸುತ್ತಲಿನ ಆಕ್ಸಿನನ್ನು ಸೆಳೆದುಕೊಳ್ಳುವುದರಿಂದ ಹೊಸದು ಅದರಿಂದ ದೂರದಲ್ಲಿ ಹುಟ್ಟಬೇಕಾಗುತ್ತದೆ. ಹೀಗೆ ಹೂವಿನ ಚೆಲುವು ಅಲಂಕಾರಕ್ಕಾಗಿ ಬಂದುದಲ್ಲ. ಇಕ್ಕಟ್ಟಿನಲ್ಲಿ ಎಲ್ಲರಿಗೂ ಸ್ಥಳ ಒದಗಿಸಬೇಕಾದ ಅಗತ್ಯದಿಂದ ಬಂದುದು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಪ್ರಕೃತಿಯಲ್ಲಿ ಎಲ್ಲವೂ ಸುವರ್ಣಾನುಪಾತದಲ್ಲಿದೆ ಎಂದು ಉತ್ಸಾಹದಿಂದ ಹೇಳುವವರಿದ್ದಾರೆ. ದಾಸವಾಳಕ್ಕೂ ಕಣಗಿಲೆಗೂ ಐದೈದು ಎಸಳುಗಳೇನೋ ನಿಜ. ಆದರೆ ಸಾಸಿವೆಯ ಹೂವಿಗೆ ನಾಲ್ಕೇ ಎಸಳು. ತುಳಸಿಯ ಎಲೆಗಳು ಜೋಡಿಜೋಡಿಯಾಗಿ, ಒಂದು ಜೋಡಿಗೆ ಮುಂದಿನ ಜೋಡಿ ಅಡ್ಡವಾಗಿ ಮೂಡುತ್ತವೆ. ನಾಟಿಲಸ್ ಎಂಬ ಕಡಲಜೀವಿಯ ಚಿಪ್ಪನ್ನು ಸುವರ್ಣ ಸುರುಳಿಯ ಮಾದರಿಯೆಂದು ಅನೇಕ ಪುಸ್ತಕಗಳು ಹೇಳುತ್ತವೆ. ಆದರೆ ಸುವರ್ಣ ಸುರುಳಿಯು ಒಂದು ಸುತ್ತಿಗೆ ಸುಮಾರು ಏಳರಷ್ಟು ಅಗಲವಾಗಬೇಕು. ನಾಟಿಲಸ್ ಚಿಪ್ಪು ಸುಮಾರು ಮೂರರಷ್ಟು ಮಾತ್ರ ಅಗಲವಾಗುತ್ತದೆ. ಸೂರ್ಯಕಾಂತಿಯೂ ಸದಾ ನಿಯಮಕ್ಕೆ ಕಟ್ಟುಬಿದ್ದಿಲ್ಲ. ಗಣಿತಜ್ಞ ಅಲನ್ ಟ್ಯೂರಿಂಗ್ ತಮ್ಮ ಕೊನೆಯ ವರ್ಷಗಳಲ್ಲಿ ಈ ವಿಷಯವನ್ನು ಅಭ್ಯಸಿಸುತ್ತಿದ್ದರು. ಅವರ ಜನ್ಮಶತಾಬ್ದಿಯ ವರ್ಷವಾದ 2012ರಲ್ಲಿ ಇಂಗ್ಲೆಂಡಿನಲ್ಲಿ ಸಾಮಾನ್ಯ ಜನರೇ ಸೂರ್ಯಕಾಂತಿಗಳನ್ನು ಬೆಳೆದು, ಸುರುಳಿಗಳನ್ನು ಎಣಿಸಿದರು. 2016ರಲ್ಲಿ ಪ್ರಕಟವಾದ ಅದರ ವರದಿಯಲ್ಲಿ 657 ತೆನೆಗಳ ಲೆಕ್ಕವಿದೆ. ಬಹುಪಾಲು ತೆನೆಗಳು ಸರಣಿಯ ಸಂಖ್ಯೆಗಳನ್ನೇ ತೋರಿಸಿದವು; ಎಲ್ಲವೂ ಅಲ್ಲ. ಕೇಳಿದ್ದನ್ನು ನಂಬುವುದಕ್ಕಿಂತ ಎಣಿಸಿ ನೋಡುವುದು ಮೇಲು.

ಹೂವಿನ ಪ್ರಮಾಣ ಹೂವಿನ ಅಗತ್ಯದಿಂದ ಹುಟ್ಟಿತು. ಮನುಷ್ಯನು ತನ್ನ ಕಲೆಯಲ್ಲಿ ಬಳಸುವ ಪ್ರಮಾಣ ಎಲ್ಲಿಂದ ಹುಟ್ಟುತ್ತದೆ? ಇದನ್ನು ಅರಿಯಲು ಛಾಯಾಚಿತ್ರವು ಒಳ್ಳೆಯ ಉದಾಹರಣೆ.

ಪ್ರಕೃತಿಗೆ ಚೌಕಟ್ಟಿಲ್ಲ, ಛಾಯಾಚಿತ್ರಕ್ಕೆ ನಾಲ್ಕು ಅಂಚುಗಳುಂಟು. ಯಾವುದನ್ನು ಒಳಗೆ ಇಟ್ಟುಕೊಳ್ಳಬೇಕು, ಯಾವುದನ್ನು ಹೊರಗೆ ಬಿಡಬೇಕು, ಒಳಗೆ ಇಟ್ಟುಕೊಂಡದ್ದನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಿರ್ಧರಿಸುವುದೇ ಛಾಯಾಗ್ರಾಹಕನ ಮೊದಲ ಕೆಲಸ. ಚೌಕಟ್ಟಿನ ಆಕಾರಕ್ಕೂ ಒಂದು ಚರಿತ್ರೆಯಿದೆ. ಜರ್ಮನಿಯ ಆಸ್ಕರ್ ಬಾರ್ನಾಕ್ ಎಂಬ ಕುಶಲಕರ್ಮಿಯು ಚಲನಚಿತ್ರದ ಫಿಲ್ಮನ್ನು ಬಳಸುವ ಸಣ್ಣ ಕ್ಯಾಮರಾವೊಂದನ್ನು ನಿರ್ಮಿಸಿದರು. ಚಲನಚಿತ್ರದ ಒಂದು ಚಿತ್ರದ ಅಳತೆ 18 ಮಿಲಿಮೀಟರ್ ಮತ್ತು 24 ಮಿಲಿಮೀಟರ್. ಅದನ್ನು ಇಮ್ಮಡಿ ಮಾಡಿ ಅವರು 24 ಮತ್ತು 36 ಮಿಲಿಮೀಟರುಗಳ ಚೌಕಟ್ಟನ್ನು ಮಾಡಿಕೊಂಡರು. 1925ರಲ್ಲಿ ಲೈಕಾ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದ ಆ ಕ್ಯಾಮರಾದಿಂದ 3:2 ಎಂಬ ಪ್ರಮಾಣವು ಲೋಕದಲ್ಲೆಲ್ಲ ಹರಡಿತು. ಇಂದಿನ ಅನೇಕ ಕ್ಯಾಮರಾಗಳಲ್ಲಿಯೂ ಅದೇ ಪ್ರಮಾಣವಿದೆ. ಅನೇಕ ಮೊಬೈಲ್ ಫೋನುಗಳು 4:3 ಎಂಬ ಪ್ರಮಾಣವನ್ನು ಬಳಸುತ್ತವೆ. ಇವೆರಡೂ ಸುವರ್ಣಾನುಪಾತವಲ್ಲ ಎಂಬುದನ್ನು ನೀವೇ ಭಾಗಿಸಿ ತಿಳಿಯಬಹುದು.

ಚೌಕಟ್ಟಿನೊಳಗೆ ವಸ್ತುವನ್ನು ಎಲ್ಲಿ ನಿಲ್ಲಿಸಬೇಕು? ಕ್ಯಾಮರಾವನ್ನು ಹೊಸದಾಗಿ ಹಿಡಿದವರು ಸಾಮಾನ್ಯವಾಗಿ ಎಲ್ಲವನ್ನೂ ನಟ್ಟನಡುವೆ ಇಡುತ್ತಾರೆ. ಬಲ್ಲವರು ಹೇಳುವ ಉಪಾಯ ಬೇರೆ. ಚೌಕಟ್ಟನ್ನು ಅಡ್ಡಲಾಗಿ ಮೂರು ಸಮಭಾಗಗಳಾಗಿ, ಉದ್ದಕ್ಕೆ ಮೂರು ಸಮಭಾಗಗಳಾಗಿ ಮಾಡಬೇಕು. ಆಗ ನಾಲ್ಕು ಗೆರೆಗಳೂ ಅವು ಕೂಡುವ ನಾಲ್ಕು ಬಿಂದುಗಳೂ ದೊರೆಯುತ್ತವೆ. ಮುಖ್ಯ ವಸ್ತುವನ್ನು ಈ ಗೆರೆಯ ಮೇಲೋ ಬಿಂದುವಿನ ಬಳಿಯೋ ನಿಲ್ಲಿಸುವುದು ಮೂರನೆಯ ಒಂದು ಭಾಗದ ನಿಯಮ. ಇದು ಛಾಯಾಗ್ರಹಣಕ್ಕಿಂತ ಹಳೆಯದು. ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಚಿತ್ರಕಾರನು 1797ರಲ್ಲಿ ಭೂಮಿ ಆಕಾಶಗಳನ್ನು ಚಿತ್ರದಲ್ಲಿ ಹಂಚುವ ಬಗೆಯನ್ನು ಕುರಿತು ಇದನ್ನು ಹೇಳಿದ್ದನು.

ಒಂದು ಉದಾಹರಣೆಯನ್ನು ನೋಡೋಣ. ಕೆರೆಯ ಮೇಲೆ ಹಾದುಹೋದ ತಂತಿಯಲ್ಲಿ ಒಂದು ಮಿಂಚುಳ್ಳಿ ಎಡಕ್ಕೆ ಮುಖಮಾಡಿ ಕುಳಿತಿದೆ. ಅದನ್ನು ನಡುವೆ ಇಟ್ಟರೆ ಅದರ ಮುಂದೆಯೂ ಹಿಂದೆಯೂ ಸಮನಾದ ಜಾಗ. ನಮ್ಮ ಕಣ್ಣು ಹಕ್ಕಿಯಲ್ಲಿಯೇ ನಿಂತುಬಿಡುತ್ತದೆ. ಬಲಗಡೆಯ ಗೆರೆಯ ಮೇಲೆ ಇಟ್ಟರೆ ಅದು ನೋಡುತ್ತಿರುವ ನೀರಿಗೂ ಚಿತ್ರದಲ್ಲಿ ಜಾಗ ದೊರೆಯುತ್ತದೆ. ಹಕ್ಕಿ ಏನನ್ನೋ ಕಾಯುತ್ತಿದೆ ಎಂಬುದು ನೋಡುವವರಿಗೆ ತಿಳಿಯುತ್ತದೆ. ಹಾಗೆಯೇ ಸಂಜೆಯ ಮುಗಿಲು ಸೊಗಸಾಗಿದ್ದರೆ ಆಕಾಶಕ್ಕೆ ಎರಡು ಪಾಲು, ನೀರಿಗೆ ಒಂದು ಪಾಲು. ನೀರಿನ ಪ್ರತಿಬಿಂಬವೇ ಸೊಗಸಾಗಿದ್ದರೆ ಅದಕ್ಕೆ ಎರಡು ಪಾಲು. ಪಾಲು ಮಾಡುವಾಗ ನಮಗೆ ಯಾವುದು ಮುಖ್ಯ ಎಂಬುದನ್ನು ನಾವು ಮೊದಲು ತಿಳಿದುಕೊಳ್ಳಲೇಬೇಕಾಗುತ್ತದೆ. ಈ ನಿಯಮದ ದೊಡ್ಡ ಉಪಕಾರ ಇದೇ.

ಮೂರನೆಯ ಒಂದು ಭಾಗದ ಬದಲು ಸುವರ್ಣಾನುಪಾತವನ್ನೇ ಬಳಸಬೇಕೆನ್ನುವವರೂ ಉಂಟು. 15 ಸೆಂಟಿಮೀಟರ್ ಅಗಲದ ಚಿತ್ರದಲ್ಲಿ ಮೊದಲನೆಯ ಗೆರೆ ಅಂಚಿನಿಂದ 5 ಸೆಂಟಿಮೀಟರ್ ದೂರದಲ್ಲಿ ಬಂದರೆ, ಸುವರ್ಣಾನುಪಾತದ ಗೆರೆ ಸುಮಾರು 5.7 ಸೆಂಟಿಮೀಟರ್ ದೂರದಲ್ಲಿ ಬರುತ್ತದೆ. ವ್ಯತ್ಯಾಸ ಒಂದು ಬೆರಳಗಲಕ್ಕಿಂತ ಕಡಿಮೆ. ಜರ್ಮನಿಯ ಗುಸ್ತಾವ್ ಫೆಕ್ನರ್ 1876ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹತ್ತು ಆಯತಗಳ ಪೈಕಿ ಸುವರ್ಣಾನುಪಾತದ ಆಯತವನ್ನು ಹೆಚ್ಚು ಮಂದಿ ಮೆಚ್ಚಿದ್ದರು. ಆದರೆ ಮುಂದೆ ಬೇರೆಯವರು ನಡೆಸಿದ ಪ್ರಯೋಗಗಳಲ್ಲಿ ಅದೇ ಫಲ ಸದಾ ದೊರೆಯಲಿಲ್ಲ. ಆದುದರಿಂದ ಒಂದು ಸಂಖ್ಯೆಯಲ್ಲಿಯೇ ಸೌಂದರ್ಯವೆಲ್ಲ ಅಡಗಿದೆ ಎಂದು ತಿಳಿಯಬಾರದು.

ನಿಯಮವನ್ನು ಮೀರಿಯೂ ಶ್ರೇಷ್ಠವಾದ ಚಿತ್ರಗಳಿವೆ. ವಿಜಯಪುರದ ಗೋಳಗುಮ್ಮಟವನ್ನು ಎದುರಿನಿಂದ ತೆಗೆಯುವಾಗ ನಡುವೆ ನಿಲ್ಲಿಸುವುದೇ ಸರಿ. ಎರಡು ಪಕ್ಕಗಳ ಸಮತೆಯೇ ಆ ಕಟ್ಟಡದ ಗಾಂಭೀರ್ಯ. ಫ್ರಾನ್ಸಿನ ಪ್ರಸಿದ್ಧ ಛಾಯಾಗ್ರಾಹಕ ಹೆನ್ರಿ ಕಾರ್ತಿಯೆ ಬ್ರೆಸನ್ ಮೊದಲು ಚಿತ್ರಕಲೆಯನ್ನು ಕಲಿತು, ರೇಖಾಗಣಿತದ ಶಿಸ್ತನ್ನು ಮೈಗೂಡಿಸಿಕೊಂಡವರು. 1932ರಲ್ಲಿ ಅವರು ಪ್ಯಾರಿಸ್ಸಿನ ಒಂದು ರೈಲು ನಿಲ್ದಾಣದ ಹಿಂದೆ ತೆಗೆದ ಚಿತ್ರದಲ್ಲಿ ಒಬ್ಬ ಮನುಷ್ಯ ನಿಂತ ನೀರನ್ನು ದಾಟಲು ಹಾರುತ್ತಿದ್ದಾನೆ. ಅವನು ಬಲಕ್ಕೆ ಹಾರುತ್ತಿದ್ದರೂ ಅವನ ಮುಂದೆ ಹೆಚ್ಚು ಜಾಗವಿಲ್ಲ; ಅವನು ಬಲ ಅಂಚಿನ ಕಡೆಗೇ ಇದ್ದಾನೆ. ಮಿಂಚುಳ್ಳಿಗೆ ಹೇಳಿದ ನಿಯಮಕ್ಕೆ ಇದು ವಿರುದ್ಧ. ಆದರೂ ಹಿಮ್ಮಡಿ ನೀರನ್ನು ಇನ್ನೇನು ಮುಟ್ಟಬೇಕೆನ್ನುವ ಆ ಕ್ಷಣದ ಕಾತರಕ್ಕೆ ಆ ಇಕ್ಕಟ್ಟೇ ಬಲವನ್ನು ಕೊಟ್ಟಿದೆ. ನಿಯಮವನ್ನು ಅರಿಯದೆ ಬಿಡುವುದು ಬೇರೆ, ಅರಿತು ಮೀರುವುದು ಬೇರೆ.

ಇದನ್ನು ಕಲಿಯಲು ಕ್ಯಾಮರಾ ಇರಲೇಬೇಕೆಂದಿಲ್ಲ. ಒಂದು ರಟ್ಟಿನಲ್ಲಿ 9 ಸೆಂಟಿಮೀಟರ್ ಅಗಲ, 6 ಸೆಂಟಿಮೀಟರ್ ಎತ್ತರದ ಕಿಂಡಿಯನ್ನು ಕತ್ತರಿಸಿ. ಮೂರು ಮೂರು ಸೆಂಟಿಮೀಟರಿಗೆ ಮೇಲಿನಿಂದ ಕೆಳಕ್ಕೂ, ಎರಡೆರಡು ಸೆಂಟಿಮೀಟರಿಗೆ ಅಡ್ಡಕ್ಕೂ ದಾರಗಳನ್ನು ಅಂಟಿಸಿ. ಒಂದು ಕಣ್ಣನ್ನು ಮುಚ್ಚಿ, ಈ ಕಿಂಡಿಯ ಮೂಲಕ ನಿಮ್ಮ ಶಾಲೆಯ ಅಂಗಳದ ಮರವನ್ನು ನೋಡಿ. ಅದನ್ನು ನಡುವಿಗೆ ತನ್ನಿ, ಪಕ್ಕಕ್ಕೆ ಸರಿಸಿ, ಹತ್ತಿರ ಹೋಗಿ, ದೂರ ಬನ್ನಿ. ಒಂದೇ ಮರ ಹತ್ತು ಚಿತ್ರಗಳಾಗುವುದನ್ನು ಕಾಣುವಿರಿ. ಅವುಗಳಲ್ಲಿ ಒಂದನ್ನು ಆರಿಸಿಕೊಂಡು, ಅದನ್ನೇ ಏಕೆ ಆರಿಸಿದಿರಿ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಇಂದು ಫೋನಿನ ತೆರೆಯ ಮೇಲೆ ಈ ಗೆರೆಗಳು ಬೇಕೆಂದಾಗ ಮೂಡುತ್ತವೆ. ಆದರೆ ಈ ಪ್ರಶ್ನೆಯನ್ನು ಯಂತ್ರವು ನಮ್ಮ ಪರವಾಗಿ ಕೇಳುವುದಿಲ್ಲ.

ಸೂರ್ಯಕಾಂತಿಯು ಯಾವ ಸೂತ್ರವನ್ನೂ ಓದಿಲ್ಲ. ಪ್ರತಿ ಮೊಗ್ಗಿಗೂ ಸಲ್ಲಬೇಕಾದ ಸ್ಥಳ ಸಂದಿತು; ಅದರಿಂದಲೇ ಚೆಲುವು ತಾನಾಗಿ ಮೂಡಿತು. ಒಳ್ಳೆಯ ಛಾಯಾಚಿತ್ರದ ಧರ್ಮವೂ ಇದೇ. ಹಕ್ಕಿಗೆ ಅದರ ಸ್ಥಳ, ನೀರಿಗೆ ಅದರ ಸ್ಥಳ, ಬೆಳಕಿಗೂ ನೆರಳಿಗೂ ಅವುಗಳ ಸ್ಥಳ ಸಂದಾಗ ಚಿತ್ರ ನಿಲ್ಲುತ್ತದೆ. ಅಳತೆಯು ಆ ಸ್ಥಳವನ್ನು ಹುಡುಕಲು ನೆರವಾಗುತ್ತದೆ. ಕಂಡುಕೊಳ್ಳಬೇಕಾದುದು ಮಾತ್ರ ನಮ್ಮ ಕಣ್ಣು.