ಮಕ್ಕಳ ಕೊರೊನಾ: ಕಷಾಯದ ಮಿತಿ, ಆಸ್ಪತ್ರೆಯ ಅಗತ್ಯ

2021ರಲ್ಲಿ ಎರಡನೆಯ ಅಲೆ ತಗ್ಗುತ್ತಿದ್ದಂತೆ, ಮೂರನೆಯದು ಮಕ್ಕಳನ್ನೇ ಬಾಧಿಸುವುದೆಂಬ ಭೀತಿ ಹಬ್ಬಿತು. ರಾಜ್ಯ ಸರ್ಕಾರವು ಡಾ. ದೇವಿ ಶೆಟ್ಟಿಯವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯನ್ನೂ ರಚಿಸಿತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬರುವ ಸದ್ಭಕ್ತರು ನಮ್ಮನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಮಗುವಿಗೆ ಜ್ವರ ಬಂದರೆ ಕಷಾಯ ಸಾಕೇ, ಹಾಸನಕ್ಕೆ ಕರೆದೊಯ್ಯಬೇಕೇ?

ಬಹುಪಾಲು ಮಕ್ಕಳಲ್ಲಿ ಈ ರೋಗ ಸೌಮ್ಯವಾಗಿಯೇ ಕಳೆದುಹೋಗುತ್ತದೆ. ಗಂಜಿ, ಎಳನೀರು, ವಿಶ್ರಾಂತಿ, ತೂಕಕ್ಕೆ ತಕ್ಕಂತೆ ಪ್ಯಾರಾಸಿಟಮಾಲ್ (ಕಿಲೋಗೆ 10ರಿಂದ 15 ಮಿ.ಗ್ರಾಂ.) ಸಾಕು. ಶುಂಠಿ, ತುಳಸಿಯ ಕಷಾಯ ಗಂಟಲಿಗೆ ಹಿತವೇ ಹೊರತು ವೈರಾಣುವನ್ನು ಕೊಲ್ಲದು. ಆಯುರ್ವೇದ ವೈದ್ಯರಾದ ನಾವೇ ಇದನ್ನು ಹೇಳುತ್ತಿದ್ದೇವೆ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸುವುದು ಕೂಡದು.

ಮಗು ಮಲಗಿದ್ದಾಗ ಒಂದು ನಿಮಿಷ ಎದೆಯ ಏರಿಳಿತವನ್ನು ಎಣಿಸಿರಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದವರೆಗೆ 40, ಅನಂತರ 30 ಅಥವಾ ಅದಕ್ಕಿಂತ ಹೆಚ್ಚಾದರೆ ತಡಮಾಡಬಾರದು. ಆಮ್ಲಜನಕದ ಮಟ್ಟ 94ಕ್ಕಿಂತ ಇಳಿದರೂ, ಪಕ್ಕೆ ಸೆಳೆದರೂ, ಮಗು ಹಾಲು ಬಿಟ್ಟು ಮಂಕಾದರೂ ಹಾಗೆಯೇ. 108ಕ್ಕೆ ಕರೆ ಮಾಡಿರಿ.

ಆಸ್ಪತ್ರೆಯಲ್ಲಿ ಮುಖ್ಯ ಚಿಕಿತ್ಸೆ ಆಮ್ಲಜನಕವೇ. ಸ್ಟೆರಾಯ್ಡ್ ಸೌಮ್ಯ ರೋಗಕ್ಕೆ ಹಾನಿಕರ. ದಾಖಲಾದ, ತೀವ್ರತೆಯುಳ್ಳ ಮಕ್ಕಳಿಗೆ ಮಾತ್ರ ವೈದ್ಯರ ನಿಗಾದಲ್ಲಿ ಕೊಡತಕ್ಕದ್ದು. ಊರೆಲ್ಲ ಹುಡುಕಾಡಿದ ರೆಮ್ಡೆಸಿವಿರ್ ಅನ್ನು ಮಕ್ಕಳಿಗೆ ಬಳಸಬಾರದೆಂದು ಕೇಂದ್ರದ ಆರೋಗ್ಯ ಸೇವಾ ನಿರ್ದೇಶನಾಲಯವು 2021ರ ಜೂನ್‌ನಲ್ಲಿಯೇ ತಿಳಿಸಿತ್ತು.

ಇನ್ನೊಂದು ಅಪಾಯ ಸೋಂಕು ವಾಸಿಯಾಗಿ ಎರಡರಿಂದ ಆರು ವಾರಗಳ ಮೇಲೆ ಬರುತ್ತದೆ. ಅರಕಲಗೂಡು ಕಡೆಯ ಬಾಲಕನೊಬ್ಬ ಜ್ವರ, ಹೊಟ್ಟೆನೋವು, ವಾಂತಿಯೆಂದು ನಮ್ಮಲ್ಲಿಗೆ ಬಂದ. ಅಜೀರ್ಣವೆಂದು ಬಗೆದು ಎರಡು ದಿನ ಔಷಧ ಕೊಟ್ಟೆವು. ಮೂರನೆಯ ದಿನ ಕಣ್ಣು ಕೆಂಪೇರಿ, ಮೈಮೇಲೆ ದದ್ದು ಕಾಣಿಸಿದಾಗ ಮಕ್ಕಳ ತಜ್ಞರಲ್ಲಿಗೆ ಕಳುಹಿಸಿದೆವು. ದೇಹದ ರೋಗನಿರೋಧಕ ವ್ಯವಸ್ಥೆಯೇ ಕೆರಳಿ ಹೃದಯವೂ ಸೇರಿ ಹಲವು ಅಂಗಗಳಲ್ಲಿ ಉರಿಯೂತವೆಬ್ಬಿಸುವ ಸ್ಥಿತಿ ಅದು. ರಕ್ತನಾಳದ ಮೂಲಕ ಇಮ್ಯುನೋಗ್ಲಾಬ್ಯುಲಿನ್, ಸ್ಟೆರಾಯ್ಡ್ ಕೊಟ್ಟು, ಎಕೋ ಪರೀಕ್ಷೆಯಿಂದ ಹೃದಯವನ್ನು ಗಮನಿಸುತ್ತಿದ್ದರು. ಬಾಲಕ ಚೇತರಿಸಿಕೊಂಡ. ಆ ಎರಡು ದಿನ ವ್ಯರ್ಥವಾದದ್ದು ನಮ್ಮಿಂದ.

ಆದ್ದರಿಂದ ಮಗುವಿಗೆ ಮೂರು ದಿನ ಜ್ವರ ಬಿಡದಿದ್ದರೆ, ಹಿಂದಿನ ವಾರಗಳಲ್ಲಿ ಮನೆಯಲ್ಲಿ ಯಾರಿಗಾದರೂ ಕೊರೊನಾ ಬಂದಿತ್ತೇ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿರಿ. ಆ ಬಾಲಕನ ತಾಯಿ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.