ಮಳೆಯ ಫೈಲಿನಿಂದ ಆಗುಂಬೆಯ ಅಂಕಿ ತೆಗೆಯುವುದು ಹೇಗೆ?

ಭಾರತೀಯ ಹವಾಮಾನ ಇಲಾಖೆಯ ಪುಣೆ ಕಚೇರಿ 1901ರಿಂದ ಈಚೆಗಿನ ದಿನದಿನದ ಮಳೆಯ ಲೆಕ್ಕವನ್ನು ವರ್ಷಕ್ಕೊಂದು ಫೈಲಿನಂತೆ ಜನರಿಗೆ ಕೊಡುತ್ತಿದೆ. ಊರಿನ ಮಳೆಯ ಬಗ್ಗೆ ಬರೆಯುವ ಪತ್ರಕರ್ತರಿಗೆ, ಪ್ರಾಜೆಕ್ಟ್ ಮಾಡಿಸುವ ಮೇಷ್ಟ್ರಿಗೆ, ಅಡಿಕೆ ಬೆಳೆಗಾರರಿಗೆ ಇದಕ್ಕಿಂತ ದೊಡ್ಡ ನಿಧಿ ಬೇರೆ ಇಲ್ಲ. ಆದರೆ ಇಳಿಸಿಕೊಂಡ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳ ರಾಶಿ ಕಾಣುತ್ತದೆ. ಹೆಚ್ಚಿನವರು ಅಲ್ಲಿಗೇ ಕೈಬಿಡುತ್ತಾರೆ. ಕೈಬಿಡುವ ಅಗತ್ಯವಿಲ್ಲ, ಪ್ರೋಗ್ರಾಮಿಂಗ್ ಕಲಿಯದೆಯೇ, ಒಂದೆರಡು ಸಾಲಿನ ಕಮಾಂಡಿನಿಂದ ಬೇಕಾದ ಊರಿನ ಅಂಕಿಗಳನ್ನು ಬರಿಯ ಪಠ್ಯವಾಗಿ ಹೊರತೆಗೆಯಬಹುದು.

ಈ ಫೈಲಿನ ಬಗೆಗೆ ನೆಟ್‌ಸಿಡಿಎಫ್ ಎಂದು ಹೆಸರು. ಅಮೆರಿಕದ ಕೊಲರಾಡೊ ರಾಜ್ಯದ ಬೋಲ್ಡರ್‌ನಲ್ಲಿರುವ ಯೂನಿಡೇಟಾ ಸಂಸ್ಥೆ 1980ರ ದಶಕದ ಕೊನೆಯಲ್ಲಿ ಇದನ್ನು ರೂಪಿಸಿತು. ಒಳಗಿರುವುದು ಮೂರೇ ಸಂಗತಿ. ಎಷ್ಟು ಅಕ್ಷಾಂಶ, ಎಷ್ಟು ರೇಖಾಂಶ, ಎಷ್ಟು ದಿನ ಎಂಬ ಅಳತೆಗಳು. ಮಳೆ, ಉಷ್ಣಾಂಶದಂಥ ಚರಗಳು. ಆ ಚರಗಳ ಏಕಮಾನ ಯಾವುದು, ಮಾಹಿತಿ ಇಲ್ಲದ ಕಡೆ ಏನು ಬರೆದಿದೆ ಎಂದು ಹೇಳುವ ವಿವರಣೆಗಳು. ಹವಾಮಾನ ಇಲಾಖೆಯ ಫೈಲಿನಲ್ಲಿ ದೇಶವನ್ನು ಕಾಲು ಡಿಗ್ರಿ ಅಂತರದ ಜಾಲರಿಯಾಗಿ ಹರಡಿದ್ದಾರೆ. ಪಶ್ಚಿಮದಿಂದ ಪೂರ್ವಕ್ಕೆ 135 ಬಿಂದು, ದಕ್ಷಿಣದಿಂದ ಉತ್ತರಕ್ಕೆ 129. ದಿನವೊಂದಕ್ಕೆ 17,415 ಅಂಕಿ, ವರ್ಷಕ್ಕೆ 63 ಲಕ್ಷ ದಾಟುತ್ತದೆ. ಎಕ್ಸೆಲ್ ಹಾಳೆಯಲ್ಲಿ ಹಿಡಿಸುವುದು 10,48,576 ಸಾಲು ಮಾತ್ರ. ಹಾಗಾಗಿ ಎಲ್ಲವನ್ನೂ ಬಿಚ್ಚಿ ಆಮೇಲೆ ಹುಡುಕುತ್ತೇನೆ ಎಂದರೆ ಆಗದು. ಬೇಕಾದ್ದನ್ನಷ್ಟೇ ಹೊರಗೆ ಕರೆಯಬೇಕು.

ಇದಕ್ಕೆ ಬೇಕಾದ ಸಲಕರಣೆ ಮೂರು. ಎನ್‌ಸಿಡಂಪ್ ಯೂನಿಡೇಟಾದವರದ್ದೇ. ಎನ್‌ಸಿಕೆಎಸ್ ಎಂಬುದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನ ಚಾರ್ಲಿ ಝೆಂಡರ್ ಕಟ್ಟಿದ ಎನ್‌ಸಿಓ ಬಳಗದ್ದು. ಸಿಡಿಓ ಜರ್ಮನಿಯ ಹ್ಯಾಂಬರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಹವಾಮಾನ ಸಂಸ್ಥೆಯದ್ದು. ಮೂರೂ ಉಚಿತ. ಉಬುಂಟುವಿನಲ್ಲಿ ನೇರವಾಗಿ ಹಾಕಿಕೊಳ್ಳಬಹುದು. ವಿಂಡೋಸ್ ಇರುವವರು ಅದರೊಳಗಿನ ಲಿನಕ್ಸ್ ಸೌಲಭ್ಯ ಬಳಸಿದರೆ ಸಾಕು. ಇಲ್ಲಿ ಕಮಾಂಡುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇವೇ ಉಚ್ಚಾರದ ಇಂಗ್ಲಿಷ್ ಅಕ್ಷರಗಳನ್ನು ಒತ್ತಬೇಕು.

ಮೊದಲ ಕೆಲಸ ಹೆಡರ್ ಓದುವುದು. ಎನ್‌ಸಿಡಂಪ್ ಎಂದು ಬರೆದು, ಜಾಗ ಬಿಟ್ಟು, ಹೈಫನ್ ಎಚ್ ಸೇರಿಸಿ, ಕೊನೆಗೆ ಫೈಲಿನ ಹೆಸರು ಕೊಡಿ. ಒಂದು ಪರದೆಯಷ್ಟು ಪಠ್ಯ ಬರುತ್ತದೆ. ಆ ಹೈಫನ್ ಎಚ್ ಮರೆತರೆ 63 ಲಕ್ಷ ಅಂಕಿಗಳೂ ಪರದೆಯ ಮೇಲೆ ಹರಿಯತೊಡಗುತ್ತವೆ. ಆಗ ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿ. ಹೆಡರಿನಲ್ಲಿ ಚರದ ಹೆಸರನ್ನು ಅಕ್ಷರ ಬಿಡದೆ ಗುರುತು ಹಾಕಿಕೊಳ್ಳಿ. ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಬೇರೆ ಬೇರೆ. ಇಲಾಖೆಯ ಫೈಲಿನಲ್ಲಿ ರೇನ್‌ಫಾಲ್, ಲ್ಯಾಟಿಟ್ಯೂಡ್, ಲಾಂಗಿಟ್ಯೂಡ್ ಎಲ್ಲವೂ ದೊಡ್ಡಕ್ಷರದಲ್ಲಿವೆ.

ಇನ್ನು ಉದಾಹರಣೆಗೆ ಪಶ್ಚಿಮ ಘಟ್ಟದ ಆಗುಂಬೆ. ಸ್ಥೂಲವಾಗಿ 13.50 ಉತ್ತರ, 75.09 ಪೂರ್ವ. ನನಗೆ ಅತ್ಯಂತ ಸಲೀಸು ಎನಿಸುವುದು ಸಿಡಿಓ:

ಸಿಡಿಓ ಔಟ್‌ಪುಟ್‌ಟ್ಯಾಬ್,ಡೇಟ್,ವ್ಯಾಲ್ಯೂ -ರೀಮ್ಯಾಪ್‌ಎನ್‌ಎನ್,ಲಾನ್=75.09_ಲ್ಯಾಟ್=13.50 ಮಳೆ.ಎನ್‌ಸಿ > ಆಗುಂಬೆ.ಟಿಎಕ್ಸ್‌ಟಿ

ಇದನ್ನು ಬಲದಿಂದ ಎಡಕ್ಕೆ ಓದಬೇಕು. ಮಳೆಯ ಫೈಲು ತೆಗೆದುಕೋ, ಈ ಜಾಗಕ್ಕೆ ಅತಿ ಹತ್ತಿರದ ಬಿಂದುವನ್ನು ಆರಿಸು, ದಿನಾಂಕ ಮತ್ತು ಮೌಲ್ಯವನ್ನು ಎರಡು ಅಂಕಣವಾಗಿ ಬರೆ. ಕೊನೆಯ ಬಾಣದ ಗುರುತು ಅದನ್ನು ಪಠ್ಯದ ಫೈಲಿಗೆ ಕಳಿಸುತ್ತದೆ. ಅಲ್ಪವಿರಾಮದ ನಂತರ ಜಾಗ ಬಿಡಬಾರದು. ಇಂಥ ದಿನದಿಂದ ಇಷ್ಟನೇ ದಿನ ಎಂದು ಫೈಲಿನೊಳಗೆ ಎಣಿಸಿಟ್ಟ ಕಾಲವನ್ನು ಸಿಡಿಓ ತಾನೇ ದಿನಾಂಕವಾಗಿ ಬದಲಿಸಿಕೊಡುತ್ತದೆ. ಹೊಸಬರಿಗೆ ಇದನ್ನೇ ಹೇಳಿಕೊಡುವುದಕ್ಕೆ ನನಗೆ ಇದೊಂದೇ ಕಾರಣ ಸಾಕು.

ಎನ್‌ಸಿಕೆಎಸ್‌ನಲ್ಲೂ ಇದೇ ಕೆಲಸ ಆಗುತ್ತದೆ. ಹೈಫನ್ ವಿ ಕೊಟ್ಟು ಚರದ ಹೆಸರು, ಹೈಫನ್ ಡಿ ಕೊಟ್ಟು ಅಕ್ಷಾಂಶ, ಮತ್ತೊಂದು ಹೈಫನ್ ಡಿ ಕೊಟ್ಟು ರೇಖಾಂಶ. ಇಲ್ಲೊಂದು ದೊಡ್ಡ ಹೊಂಡವಿದೆ. ಸಂಖ್ಯೆಯಲ್ಲಿ ದಶಾಂಶ ಚುಕ್ಕೆ ಇದ್ದರೆ ಎನ್‌ಸಿಕೆಎಸ್ ಅದನ್ನು ಡಿಗ್ರಿ ಎಂದು ಓದುತ್ತದೆ. ಚುಕ್ಕೆ ಇಲ್ಲದಿದ್ದರೆ ಸಾಲಿನಲ್ಲಿ ಎಷ್ಟನೆಯದು ಎಂದು, ಅದೂ ಸೊನ್ನೆಯಿಂದ ಎಣಿಸಿ. 13.5 ಮತ್ತು 75.0 ಎಂದರೆ ಪಶ್ಚಿಮ ಘಟ್ಟ. 13 ಮತ್ತು 75 ಎಂದರೆ? ಜಾಲರಿ 6.5 ಉತ್ತರ, 66.5 ಪೂರ್ವದಿಂದ ಶುರುವಾಗುವುದರಿಂದ ಸಿಗುವುದು 9.75 ಉತ್ತರ, 85.25 ಪೂರ್ವ. ಅದು ಶ್ರೀಲಂಕಾದ ಆಚೆಯ ಬಂಗಾಳ ಕೊಲ್ಲಿ. ಕಮಾಂಡು ತಕರಾರು ಮಾಡದೆ ಉತ್ತರ ಕೊಟ್ಟಿರುತ್ತದೆ, ಆದರೆ ಆ ಜಾಗಕ್ಕೆ ಫೈಲಿನಲ್ಲಿರುವುದೆಲ್ಲ ಮೈನಸ್ 999.

ಆ ಮೈನಸ್ 999 ಮಳೆಯಲ್ಲ, ಮಾಹಿತಿ ಇಲ್ಲ ಎಂಬ ಗುರುತು. ಸಮುದ್ರದ ಮೇಲೆಲ್ಲ ಅದೇ ಇರುತ್ತದೆ. ಎನ್‌ಸಿಡಂಪ್ ಇಂಥ ಕಡೆ ಅಡಿಗೆರೆ ತೋರಿಸುವುದರಿಂದ ತಿಳಿಯುತ್ತದೆ, ಆದರೆ ಸಿಡಿಓ ಪಠ್ಯವಾಗಿ ಹೊರತಂದ ಮೇಲೆ ಅದು ಬರೀ ಸಂಖ್ಯೆ. ಕೂಡುವಾಗ ಒಂದೇ ಒಂದು ಸೇರಿಕೊಂಡರೂ ವರ್ಷದ ಮೊತ್ತದಿಂದ ಸುಮಾರು ಒಂದು ಮೀಟರ್ ಮಳೆ ಮಾಯ. ಆದ್ದರಿಂದ ಕೂಡುವ ಮುನ್ನ ಸೊನ್ನೆಗಿಂತ ಕಡಿಮೆ ಇರುವ ಸಾಲುಗಳನ್ನು ಆಕ್ ಎಂಬ ಹಳೆಯ ಯೂನಿಕ್ಸ್ ಸಲಕರಣೆಯಿಂದ ಬೇರ್ಪಡಿಸಿ, ಎಷ್ಟಿದ್ದವು ಎಂದು ಎಣಿಸಿಟ್ಟುಕೊಳ್ಳಿ. 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದ ದಿನವನ್ನು ಇಲಾಖೆ ಮಳೆದಿನ ಎನ್ನುತ್ತದೆ. ಆ ಎಣಿಕೆಯೂ ಆಕ್‌ನ ಒಂದೇ ಸಾಲಿನಲ್ಲಿ ಆಗುತ್ತದೆ.

ದಿನಾಂಕದ ಅರ್ಥವೂ ನಾವಂದುಕೊಂಡಂತಿಲ್ಲ. ಜುಲೈ 10ರ ಅಂಕಿ ಎಂದರೆ 9ರ ಬೆಳಿಗ್ಗೆ 8.30ರಿಂದ 10ರ ಬೆಳಿಗ್ಗೆ 8.30ರವರೆಗೆ ಬಿದ್ದ ಮಳೆ. ಊರಿನಲ್ಲಿ ನೆರೆ ಬಂದದ್ದು 9ರ ಸಂಜೆ, ಫೈಲಿನಲ್ಲಿ ಮಳೆ ಮರುದಿನ. ಫೈಲು ತಪ್ಪಲ್ಲ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಸಿಕ್ಕ ಅಂಕಿ ಆಗುಂಬೆಯದೇ? ಹತ್ತಿರದ ಜಾಲರಿ ಬಿಂದು 13.5 ಉತ್ತರ, 75.0 ಪೂರ್ವ. ನಕ್ಷೆಯಲ್ಲಿ ನೋಡಿ, ಅದು ಘಾಟಿ ಇಳಿದ ಮೇಲೆ ಹೆಬ್ರಿಯ ಕಡೆ ಬೀಳುತ್ತದೆ. ಒಂದು ಬಿಂದುವಿನ ವ್ಯಾಪ್ತಿ ಸುಮಾರು 27 ಕಿಲೋಮೀಟರ್. ಸುತ್ತಲಿನ ಮಳೆಮಾಪಕಗಳ ಲೆಕ್ಕದಿಂದ ಅಂದಾಜಿಸಿದ ಅಂಕಿ ಅದು. ಘಟ್ಟದ ನೆತ್ತಿಗೂ ಬುಡಕ್ಕೂ ಮಳೆಯಲ್ಲಿ ಬಹಳ ವ್ಯತ್ಯಾಸವಿರುವಾಗ ಇದನ್ನು ಆಗುಂಬೆ ಮಾಪಕದ ಅಂಕಿ ಎಂದು ಬರೆದರೆ ತಪ್ಪು. ಆಗುಂಬೆ ಸೀಮೆಯ ಜಾಲರಿ ಅಂದಾಜು ಎಂದೇ ಬರೆಯಬೇಕು.

ಬೇರೆ ಫೈಲುಗಳಿಗೆ ಹೋದರೆ ಏಕಮಾನವೂ ಬದಲಾಗುತ್ತದೆ. ಯುರೋಪಿನ ಹವಾಮಾನ ಕೇಂದ್ರದ ಇಆರ್‌ಎ5 ದತ್ತಾಂಶದಲ್ಲಿ ಮಳೆ ಮೀಟರಿನಲ್ಲಿದೆ, ಉಷ್ಣಾಂಶ ಕೆಲ್ವಿನ್‌ನಲ್ಲಿ. ಕೆಲವು ಫೈಲುಗಳಲ್ಲಿ ಜಾಗ ಉಳಿಸಲು ಮೌಲ್ಯವನ್ನು ಚಿಕ್ಕ ಪೂರ್ಣಾಂಕವಾಗಿ ಅದುಮಿಟ್ಟಿರುತ್ತಾರೆ. ಹೆಡರಿನಲ್ಲಿ ಸ್ಕೇಲ್ ಫ್ಯಾಕ್ಟರ್, ಆಡ್ ಆಫ್‌ಸೆಟ್ ಎಂದು ಕಂಡರೆ ಗಮನಿಸಿ. ಮೊದಲನೆಯದರಿಂದ ಗುಣಿಸಿ ಎರಡನೆಯದನ್ನು ಕೂಡಿದರೆ ಮಾತ್ರ ನಿಜವಾದ ಅಂಕಿ. ಸಿಡಿಓ ಇದನ್ನು ತಾನೇ ಮಾಡುತ್ತದೆ, ಎನ್‌ಸಿಡಂಪ್ ಮಾಡುವುದಿಲ್ಲ.

ನೆಟ್‌ಸಿಡಿಎಫ್ ಅಲ್ಲದ ಫೈಲುಗಳೂ ಉಂಟು. ಇಸ್ರೋದ ಮಾಸ್‌ಡ್ಯಾಕ್ ತಾಣದಲ್ಲಿ ಸಿಗುವ ಇನ್ಸಾಟ್-3ಡಿ ಉಪಗ್ರಹದ ಚಿತ್ರಗಳು ಎಚ್‌ಡಿಎಫ್5 ಬಗೆಯವು. ಅವಕ್ಕೆ ಎಚ್5ಎಲ್‌ಎಸ್ ಮತ್ತು ಎಚ್5ಡಂಪ್ ಬೇಕು. ಅಲ್ಲಿ ಸಿಗುವುದು ನೇರ ಉಷ್ಣಾಂಶವಲ್ಲ, ಸಂವೇದಕದ 10 ಬಿಟ್ ಎಣಿಕೆ. ಅದೇ ಫೈಲಿನಲ್ಲಿರುವ 1,024 ಮೌಲ್ಯಗಳ ಪಟ್ಟಿಯಲ್ಲಿ ಹುಡುಕಿದರೆ ಉಷ್ಣಾಂಶ ಸಿಗುತ್ತದೆ. ಮುನ್ಸೂಚನೆಯ ಗ್ರಿಬ್ ಫೈಲುಗಳಿಗೆ ಗ್ರಿಬ್_ಗೆಟ್_ಡೇಟಾ ಎಂಬ ಕಮಾಂಡು ಇದೆ. ಅದು ಅಕ್ಷಾಂಶ, ರೇಖಾಂಶ, ಮೌಲ್ಯ ಎಂದು ಬಿಂದುವಿಗೊಂದು ಸಾಲು ಬರೆದುಕೊಡುತ್ತದೆ.

ಕೆಲಸ ಮುಗಿದ ಮೇಲೆ ಸಾಲುಗಳನ್ನು ಎಣಿಸಿ. ತಲೆಸಾಲು ಬಿಟ್ಟು 365 ಇರಬೇಕು, 2020ರಂಥ ಅಧಿಕ ವರ್ಷವಾದರೆ 366. ಜನವರಿಯಲ್ಲಿ ಭಾರಿ ಮಳೆ, ಜುಲೈಯಲ್ಲಿ ಸೊನ್ನೆ ಕಂಡರೆ ಎಲ್ಲೋ ಜಾಗ ತಪ್ಪಿದೆ ಎಂದೇ ತಿಳಿಯಿರಿ. ಹೊಸ ನೆಟ್‌ಸಿಡಿಎಫ್ ಫೈಲು ಬರೆಯುವಾಗ ಎನ್‌ಸಿಕೆಎಸ್ ಮತ್ತು ಸಿಡಿಓ ನೀವು ಕೊಟ್ಟ ಕಮಾಂಡನ್ನು ಹಿಸ್ಟರಿ ಎಂಬ ವಿವರಣೆಯಲ್ಲಿ ತಾವೇ ದಾಖಲಿಸುತ್ತವೆ. ಬರಿಯ ಪಠ್ಯಕ್ಕೆ ಆ ಭಾಗ್ಯವಿಲ್ಲ. ಹಾಗಾಗಿ ಅಂಕಿಗಳನ್ನು ಯಾರಿಗಾದರೂ ಕೊಡುವಾಗ ಬಳಸಿದ ಕಮಾಂಡು, ಫೈಲಿನ ಹೆಸರು, ಇಳಿಸಿಕೊಂಡ ದಿನಾಂಕ ಈ ಮೂರನ್ನೂ ದಯವಿಟ್ಟು ಜೊತೆಗೆ ಬರೆದು ಕೊಡಿ. ಸಂಶಯ ಬಂದವರು ನಿಮ್ಮನ್ನು ಕೇಳದೆಯೇ ಅದೇ ಅಂಕಿಯನ್ನು ಮತ್ತೆ ತೆಗೆದು ನೋಡಲು ಸಾಧ್ಯವಾಗಬೇಕು.