ಗೋಬರ್ ಗ್ಯಾಸ್ ಒಲೆ ಯಾಕೆ ಹತ್ತಲಿಲ್ಲ?

ಸೋಮವಾರ ಬೆಳಿಗ್ಗೆ ನಮ್ಮನೆ ಗೋಬರ್ ಗ್ಯಾಸ್ ಒಲೆ ಹತ್ತಲೇ ಇಲ್ಲ. ಕಡ್ಡಿ ಗೀರಿದರೆ ಬುಳ್‌ಬುಳ್ ಅಂತ ಸದ್ದಾಗಿ ಉರಿ ಆರುತ್ತಿತ್ತು. ಅವ್ವ ಸೌದೆ ಒಲೆ ಹಚ್ಚಿದಳು. ಹೊಗೆಗೆ ಅಜ್ಜಿಯ ಕೆಮ್ಮು ಹೆಚ್ಚಾಯಿತು.

ದಿನಾ 4 ಬಕೆಟ್ ಸಗಣಿಗೆ 4 ಬಕೆಟ್ ನೀರು ಕಲೆಸಿ ಗುಂಡಿಗೆ ಹಾಕುವುದು ನನ್ನ ಕೆಲಸ. "ನೀನು ಸರಿಯಾಗಿ ಹಾಕಿಲ್ಲ" ಅಂತ ಅಪ್ಪ ಬೈದರು. ನಾನು ಹೋಗಿ ನೋಡಿದೆ. ಗುಂಡಿಯ ಡ್ರಮ್ಮು ಮೇಲಕ್ಕೆ ಎದ್ದಿತ್ತು. ಅಂದರೆ ಗ್ಯಾಸ್ ತುಂಬಿದೆ! ಬರ್ನರಿನ ತೂತುಗಳೂ ಕಟ್ಟಿರಲಿಲ್ಲ. ಹಾಗಾದರೆ ದೋಷ ನಡುವಿನ ಪೈಪಿನಲ್ಲೇ ಇರಬೇಕು.

ಈ ಗ್ಯಾಸಿನಲ್ಲಿ ನೀರಿನ ಆವಿಯೂ ಇರುತ್ತದೆ. ಅನ್ನದ ಪಾತ್ರೆಯ ಮುಚ್ಚಳದಲ್ಲಿ ಹನಿ ಕಟ್ಟುವ ಹಾಗೆ, ರಾತ್ರಿ ಚಳಿಗೆ ಅದು ಪೈಪಿನೊಳಗೆ ನೀರಾಗುತ್ತದೆ. ನಮ್ಮ ಪೈಪು ಹಿತ್ತಲಲ್ಲಿ ಜೋತುಬಿದ್ದಿತ್ತು. ಅಲ್ಲೇ ನೀರು ನಿಂತು ಗ್ಯಾಸಿಗೆ ಅಡ್ಡವಾಗಿತ್ತು.

ಸೌದೆ ಒಲೆ ಪೂರ್ತಿ ಆರಿಸಿದೆವು. ಅಪ್ಪ ಡ್ರಮ್ಮಿನ ವಾಲ್ವು ಬಂದ್ ಮಾಡಿ, ಹಿತ್ತಲಲ್ಲಿ ಪೈಪು ಬಿಚ್ಚಿ ಬಗ್ಗಿಸಿದರು. ಅರ್ಧ ಚೊಂಬು ನೀರು ಸುರಿಯಿತು! ಆಮೇಲೆ ನೀರು ಗುಂಡಿಯ ಕಡೆಗೇ ಹರಿಯುವಂತೆ ಪೈಪನ್ನು ಇಳಿಜಾರಾಗಿ ಕಟ್ಟಿದೆವು. ಒಲೆ ನೀಲಿಯಾಗಿ ಉರಿಯಿತು. ಅಪ್ಪ ಏನೂ ಅನ್ನಲಿಲ್ಲ, ಮೊದಲ ಲೋಟ ಚಹಾ ನನಗೇ ಕೊಟ್ಟರು.

ಎಚ್ಚರ: ಪೈಪು ಬಿಚ್ಚುವಾಗ ಹತ್ತಿರ ದೀಪ, ಬೀಡಿ, ಬೆಂಕಿ ಇರಬಾರದು. ದೊಡ್ಡವರಿಲ್ಲದೆ ನಾವು ಮಕ್ಕಳು ಇದನ್ನು ಮುಟ್ಟಬಾರದು.

— 7ನೇ ತರಗತಿ ವಿದ್ಯಾರ್ಥಿ